ಕ್ಯಾಂಟೀನ್ ಪ್ಲೇಟಿನ ದರಕ್ಕೆ ನಮ್ಮದೇ ಬೆಲೆ ಸೂಚ್ಯಂಕ

ನವಿ ಮುಂಬಯಿಯ ಮಹಾಪೆ, ರಬಾಳೆ ಕಡೆ ಕಂಪನಿ ಕ್ಯಾಂಟೀನ್ ನಡೆಸುವ ನಮ್ಮವರಿಗೆಲ್ಲ ಗೊತ್ತಿರುವ ಸಂಕಟ: ಏಪ್ರಿಲ್‌ನಲ್ಲಿ ಒಪ್ಪಿದ ಪ್ಲೇಟಿನ ದರ ಮುಂದಿನ ಮಾರ್ಚ್‌ವರೆಗೆ ಅಲ್ಲಾಡದು, ಎಣ್ಣೆ-ತೊಗರಿಬೇಳೆ ಅಷ್ಟು ದಿನ ಕಾಯದು. ದರವನ್ನು ಸೂಚ್ಯಂಕಕ್ಕೆ (ಮೊದಲಿನ ಬೆಲೆಯನ್ನು 100 ಎಂದಿಟ್ಟು ಏರಿಳಿತ ತೋರಿಸುವ ಸಂಖ್ಯೆಗೆ) ಕಟ್ಟುವ ಷರತ್ತನ್ನು ಯಾವ ಕಂಪನಿಯೂ ಒಪ್ಪಲಾರದು ಎಂದವರೇ ಹೆಚ್ಚು. ಈಗ ಎರಡು ಕಡೆ ಅದೇ ಷರತ್ತಿನ ಮೇಲೆ ಬಿಲ್ ಪಾಸಾಗುತ್ತಿದೆ.

ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕವನ್ನೇ ಹಿಡಿದದ್ದು ಫಲಿಸಲಿಲ್ಲ. 2012ರ ಆಧಾರದ ಸರಣಿಯಲ್ಲಿ ನಗರಗಳಿಗೆ ಆಹಾರ-ಪಾನೀಯದ ಪಾಲು ನೂರಕ್ಕೆ 36ರಷ್ಟು, ವಸತಿಯದು 22ರ ಹತ್ತಿರ ಇತ್ತು. ಕಂಪನಿ ಕೊಟ್ಟ ಅಡುಗೆಮನೆಗೆ ಬಾಡಿಗೆಯೇ ಇಲ್ಲ. ಗ್ಯಾಸ್ ಕೂಡ ನಮ್ಮದು ಮನೆಬಳಕೆಯದಲ್ಲ, 19 ಕಿಲೋ ಕಮರ್ಷಿಯಲ್ ಸಿಲಿಂಡರ್. ಎಣ್ಣೆ ಏರಿದ ವರ್ಷ ಪ್ಲೇಟಿಗೆ ಮೂರು ರೂಪಾಯಿ ನಮ್ಮ ಕೈಯಿಂದ ಹೋಯಿತು. ದಿನಕ್ಕೆ ಆರುನೂರು ಪ್ಲೇಟೆಂದರೆ ತಿಂಗಳಿಗೆ ನಲವತ್ತೈದು ಸಾವಿರ.

ಹಾಗಾಗಿ ನಮ್ಮದೇ ಸೂಚ್ಯಂಕ ಕಟ್ಟಿದೆವು. ಅದರಲ್ಲಿ ಒಂದೊಂದು ಸಾಮಾನಿಗೆ ನೂರಕ್ಕೆ ಎಷ್ಟು ಪಾಲು ಎಂಬುದನ್ನು ಒಂದಿಡೀ ವರ್ಷದ ಖರೀದಿಯಿಂದ ತೆಗೆಯಬೇಕು, ಒಂದು ತಿಂಗಳ ಬಿಲ್ ಸಾಲದು. ನಮ್ಮಲ್ಲಿ ಬಂದದ್ದು ಹೆಚ್ಚುಕಡಿಮೆ ಹೀಗೆ: ಅಕ್ಕಿ, ರವೆ, ಹಿಟ್ಟು 18; ತರಕಾರಿ 17; ಬೇಳೆ 12; ಗ್ಯಾಸ್ 12; ಎಣ್ಣೆ 11; ಹಾಲು-ಮೊಸರು 9; ಚಹಾ-ಸಕ್ಕರೆ 8; ತೆಂಗಿನಕಾಯಿ 7; ಮಸಾಲೆ 6. ಸಂಬಳವನ್ನು ಇದರಲ್ಲಿ ಬೆರೆಸಬಾರದು. ಕನಿಷ್ಠ ವೇತನದ ವಿಶೇಷ ಭತ್ಯೆ ಜನವರಿ, ಜುಲೈಗೆ ಬದಲಾಗುತ್ತದೆ, ಅದು ಬೇರೆಯೇ ಕಲಮು.

ಲೆಕ್ಕ ಕೆಡುವುದು ಬೆಲೆಯಲ್ಲಲ್ಲ, ಅಳತೆಯಲ್ಲಿ. ಎಣ್ಣೆ ಡಬ್ಬಿಯ ಮೇಲೆ 15 ಕಿಲೋ ಇದೆಯೋ 15 ಲೀಟರೋ ನೋಡಿ. 15 ಲೀಟರ್ ಎಂದರೆ 13.65 ಕಿಲೋ ಆಸುಪಾಸು. ಒಂದು ತಿಂಗಳು ಅದು, ಇನ್ನೊಂದು ತಿಂಗಳು ಇದು ಬರೆದರೆ ಒಂಬತ್ತು ಶೇಕಡಾ ಸುಳ್ಳು ಏರಿಳಿತ. 2022ರ ಜುಲೈಯಲ್ಲಿ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 5 ಶೇಕಡಾ ಜಿಎಸ್‌ಟಿ ಬಂದ ಮೇಲೆ 26 ಕಿಲೋ ಚೀಲಗಳು ಬಂದವು, ಹಾಗಾಗಿ ಚೀಲದ ದರ ಬರೆಯಲೇಬಾರದು, ಕಿಲೋ ದರವೇ ಬೇಕು. ಕೊತ್ತಂಬರಿ ಜುಡಿಯನ್ನೂ ತಕ್ಕಡಿಗೆ ಹಾಕಿ. ಮಳೆಗಾಲದಲ್ಲಿ ದರ ಅದೇ ಇದ್ದು ಜುಡಿ ಸಣ್ಣದಾಗುತ್ತದೆ. ತೆಂಗಿನಕಾಯಿ ಹತ್ತು ಒಡೆದು ತುರಿಯ ತೂಕಕ್ಕೆ ದರ ಕಟ್ಟಿ.

ಸರಾಸರಿಯ ವಿಷಯ. ಒಂದು ಗಾಳಾದಲ್ಲಿ (ಸಗಟು ಮಾರುಕಟ್ಟೆಯ ಅಂಗಡಿಯಲ್ಲಿ) ನೀರುಳ್ಳಿ 20ರಿಂದ 40ಕ್ಕೆ ಏರಿ, ಇನ್ನೊಂದರಲ್ಲಿ 40ರಿಂದ 20ಕ್ಕೆ ಇಳಿದರೆ, ಅನುಪಾತಗಳ ಸಾದಾ ಸರಾಸರಿ 25 ಶೇಕಡಾ ಏರಿಕೆ ತೋರಿಸುತ್ತದೆ! ಎಕ್ಸೆಲ್‌ನ ಜಿಯೋಮೀನ್ (ಗುಣೋತ್ತರ ಸರಾಸರಿ) ಹಾಕಿದರೆ ಏರಿಕೆ ಸೊನ್ನೆ. ಕಂಪನಿಯ ಅಕೌಂಟ್ಸ್‌ನವರು ನಂಬಿದ್ದು ಇದನ್ನು ನೋಡಿಯೇ. ಸರ್ಕಾರಿ ಸರಣಿಯೂ ತಳಮಟ್ಟದಲ್ಲಿ, ಅಂದರೆ ಒಂದೇ ಸಾಮಾನಿನ ಬೇರೆ ಬೇರೆ ದರಗಳನ್ನು ಸೇರಿಸುವಾಗ, ಇದನ್ನೇ ಮಾಡುತ್ತದೆ. ಅದರ ಮೇಲಿನ ಹಂತದಲ್ಲಿ ಮಾತ್ರ ಪಾಲಿನಿಂದ ಗುಣಿಸಿ ಕೂಡಬೇಕು.

ಒಂದು ಬ್ರ್ಯಾಂಡ್ ಸಿಗದಿದ್ದರೆ ಹಳೆಯ ದರವನ್ನೇ ಮುಂದಕ್ಕೆ ಎಳೆಯಬೇಡಿ. ಅದೇ ಗುಂಪಿನ ಉಳಿದವು ಎಷ್ಟು ಏರಿದವೋ ಅಷ್ಟು ಏರಿಸಿ.

ಷರತ್ತು ಇಷ್ಟೇ: ಪ್ಲೇಟು 62 ರೂಪಾಯಿ, ಅದರಲ್ಲಿ ಸಾಮಾನು ಮತ್ತು ಗ್ಯಾಸ್ 38. ಮೂರು ತಿಂಗಳ ಸರಾಸರಿ ಸೂಚ್ಯಂಕ ಮೂರು ಶೇಕಡಾ ದಾಟಿ ಏರಿದರೂ ಇಳಿದರೂ ಆ 38 ಮಾತ್ರ ತಿದ್ದುವುದು. ಆರು ಶೇಕಡಾ ಏರಿದರೆ 2.28 ಸೇರಿ 64.28. ಇಳಿದಾಗಲೂ ಕೊಡುತ್ತೇವೆ ಎಂದದ್ದರಿಂದಲೇ ಸಹಿ ಬಿತ್ತು.

ಮುಂಬಯಿಯ ಮಾಟುಂಗದ ಚಿಲ್ಲರೆ ದರವನ್ನು ನವಿ ಮುಂಬಯಿಯ ವಾಶಿ ಮಾರುಕಟ್ಟೆಯ ಸಗಟು ದರದ ಪಕ್ಕ ಇಟ್ಟೂ ನೋಡಿದೆವು. ತರಕಾರಿಯ ಚಿಲ್ಲರೆ ದರ ಸಗಟನ್ನು ಬೇಗ ಹಿಂಬಾಲಿಸುತ್ತದೆ, ಬೇಳೆ ತಡವಾಗಿ. ಇಳಿಯುವಾಗ ಎರಡೂ ಇನ್ನೂ ನಿಧಾನ. ದರ ಬರೆಯುವ ವಾರ ಮತ್ತು ಗಾಳಾಗಳ ಆಯ್ಕೆಯನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ, ನಮ್ಮ ಲಾಭ ನಿಂತಿರುವುದೇ ಅದರ ಮೇಲೆ.

ಮೆನು ಬದಲಾದ ವರ್ಷ ಪಾಲುಗಳನ್ನು ಹೊಸದಾಗಿ ಕಟ್ಟಿ, ಒಂದು ತಿಂಗಳು ಎರಡೂ ಲೆಕ್ಕ ಜೊತೆಗೆ ಓಡಿಸಿ. ಆ ತಿಂಗಳು ಹಳೆಯದು 118, ಹೊಸದು 100 ಇದ್ದರೆ ಜೋಡಣೆಯ ಗುಣಕ 1.18. ಮುಂದೆ ಹೊಸದು 103 ತೋರಿಸಿದಾಗ ಬಿಲ್ಲಿಗೆ ಬರೆಯಬೇಕಾದದ್ದು 121.54.