ಹಡಗಿನಿಂದ ಬೇಗ ಇಳಿಯಬೇಕಾದರೆ ಹಿಂದಿನ ರಾತ್ರಿಯೇ ಎಚ್ಚರ ಇರಬೇಕು

ನಮ್ಮ ಕಡೆಯವರಿಗೆ ಒಂದು ಅಭ್ಯಾಸ ಇದೆ. ಮುಂಬೈಯಿಂದ ಮಂಗಳೂರಿಗೆ ಬರುವ ಮತ್ಸ್ಯಗಂಧ ರೈಲು ಕುಂದಾಪುರ ದಾಟಿತೋ ಇಲ್ಲವೋ, ಉಡುಪಿಯಲ್ಲಿ ಇಳಿಯುವವರೆಲ್ಲ ಬ್ಯಾಗು ಎಳೆದುಕೊಂಡು ಬಾಗಿಲ ಹತ್ತಿರ ನಿಂತಿರುತ್ತಾರೆ. ಉಡುಪಿ ದಾಟಿದ ಮೇಲೆ ಸುರತ್ಕಲ್‌ನವರ ಸರದಿ. ರೈಲಿಗೆ ಅದು ಸರಿ. ಸ್ವಲ್ಪ ಹೊತ್ತಿನ ಸ್ಟಾಪು, ಮೊದಲು ನಿಂತವನು ಮೊದಲು ಇಳಿಯುತ್ತಾನೆ. ಕ್ರೂಸ್ ಹಡಗಿನಲ್ಲಿ ಇದನ್ನೇ ಮಾಡಿದರೆ ಲಿಫ್ಟಿನ ಎದುರು ಒಂದು ಗಂಟೆ ನಿಂತು ಕಾಲು ನೋಯಿಸಿಕೊಳ್ಳುವುದು ಅಷ್ಟೇ. ಅಲ್ಲಿ ಯಾರು ಯಾವಾಗ ಇಳಿಯುತ್ತಾರೆ ಎನ್ನುವುದು ಹಿಂದಿನ ರಾತ್ರಿಯೇ ಮುಗಿದು ಹೋದ ವಿಷಯ.

ನಾನು ಸುರತ್ಕಲ್‌ನವನು. ಎಂಟು ವರ್ಷ ‘ಶಿಪ್ಪಿನಲ್ಲಿ’ ಇದ್ದೆ. ನಮ್ಮೂರಲ್ಲಿ ಹಾಗೆಂದರೆ ಸಾಕು, ಜಾಸ್ತಿ ವಿವರ ಯಾರೂ ಕೇಳುವುದಿಲ್ಲ. ನನ್ನದು ಕ್ಯಾಬಿನ್ ಸ್ಟೀವರ್ಡ್ ಕೆಲಸ. ಅಂದರೆ ಪ್ರಯಾಣಿಕರ ಕೋಣೆ ಗುಡಿಸಿ, ಹಾಸಿಗೆ ಹಾಕಿ, ಟವೆಲ್ಲಿನಲ್ಲಿ ಆನೆ ಮಾಡಿಡುವವನು. ಈಗ ಊರಲ್ಲೇ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಕಳೆದ ಡಿಸೆಂಬರ್‌ನಲ್ಲಿ ಅಮ್ಮ, ಅಕ್ಕ, ಭಾವ, ಹೆಂಡತಿ ಎಲ್ಲರನ್ನೂ ಕರೆದುಕೊಂಡು ಮೊದಲ ಸಲ ಪ್ರಯಾಣಿಕನಾಗಿ ಹಡಗು ಹತ್ತಿದೆ. ಮುಂಬೈಯಿಂದ ಹೊರಟು ಲಕ್ಷದ್ವೀಪ ನೋಡಿ ಮತ್ತೆ ಮುಂಬೈ. ವಾಪಸು ಬರುವ ದಿನ ಮಧ್ಯಾಹ್ನ 3.20ಕ್ಕೆ ಕುರ್ಲಾದಿಂದ ಮತ್ಸ್ಯಗಂಧ. ಹಡಗು ಬೆಳಿಗ್ಗೆಯೇ ದಡ ಸೇರುತ್ತದೆ, ಸಮಯ ಬೇಕಾದಷ್ಟು ಇದೆ ಎಂದು ಎಷ್ಟು ಹೇಳಿದರೂ ಭಾವನಿಗೆ ಸಮಾಧಾನ ಇಲ್ಲ. “ಮುಂಬೈ ಟ್ರಾಫಿಕ್ ನಿನಗೆ ಗೊತ್ತಿಲ್ಲ ಮಾರಾಯ” ಎಂದು ಮೂರು ದಿನ ಹೇಳಿದರು.

ಮೊದಲು ಹಡಗಿನ ಒಳಗೆ ನಡೆಯುವುದನ್ನು ಹೇಳುತ್ತೇನೆ. ಅದು ಗೊತ್ತಿದ್ದರೆ ಉಳಿದದ್ದು ತಾನೇ ಅರ್ಥವಾಗುತ್ತದೆ.

ನಿಮಗೆ ಅದು ಪ್ರವಾಸದ ಕೊನೆಯ ದಿನ. ಕೆಲಸದವರಿಗೆ ಅದು ಟರ್ನ್‌ಅರೌಂಡ್ ದಿನ. ಬೆಳಿಗ್ಗೆ ಹಳಬರು ಇಳಿಯಬೇಕು, ಮಧ್ಯಾಹ್ನ ಹೊಸಬರು ಹತ್ತಬೇಕು. ನಡುವೆ ಸಿಗುವ ಮೂರು ನಾಲ್ಕು ಗಂಟೆಯಲ್ಲಿ ನನ್ನ ಪಾಲಿನ 18 ಕ್ಯಾಬಿನ್ ಹೊಸದಾಗಿ ಕಾಣಬೇಕು. ಅದಕ್ಕೇ ಎಂಟು ಗಂಟೆಯ ಹೊತ್ತಿಗೆ ಬಾಗಿಲು ತಟ್ಟಿ ನಗುತ್ತಾ ನಿಲ್ಲುತ್ತಿದ್ದೆವು. ಆ ನಗುವಿನ ಅರ್ಥ ‘ದಯವಿಟ್ಟು ಹೊರಡಿ’ ಅಂತ.

ಅದರ ಹಿಂದಿನ ದಿನ ಪ್ರತಿ ಕ್ಯಾಬಿನ್‌ಗೆ ಬಣ್ಣದ ಅಥವಾ ನಂಬರಿನ ಟ್ಯಾಗು ಇಡುತ್ತೇವೆ. ಒಂದೊಂದು ಬಣ್ಣಕ್ಕೆ ಒಂದೊಂದು ಸಮಯ. ದೊಡ್ಡ ಬ್ಯಾಗಿಗೆ ಟ್ಯಾಗು ಕಟ್ಟಿ ರಾತ್ರಿ ಹತ್ತು, ಹನ್ನೊಂದರೊಳಗೆ ಬಾಗಿಲ ಹೊರಗೆ ಇಟ್ಟುಬಿಡಬೇಕು. ಆಮೇಲೆ ಶುರುವಾಗುತ್ತದೆ ನಮ್ಮ ಮೆರವಣಿಗೆ. ಉದ್ದ ಕಾರಿಡಾರಿನಲ್ಲಿ ಎರಡೂ ಕಡೆ ಸಾಲು ಸಾಲು ಸೂಟ್‌ಕೇಸು. ಎಲ್ಲವನ್ನೂ ಸರ್ವಿಸ್ ಲಿಫ್ಟಿನ ಹತ್ತಿರ ಎಳೆದು, ಕೆಳಗಿನ ಡೆಕ್ಕಿಗೆ ಇಳಿಸಿ, ಬಣ್ಣ ನೋಡಿ ಕಬ್ಬಿಣದ ಕೇಜುಗಳಲ್ಲಿ ತುಂಬಬೇಕು. 3000 ಜನರ ಹಡಗಾದರೆ ಎಷ್ಟು ಬ್ಯಾಗು ಅಂತ ನೀವೇ ಲೆಕ್ಕ ಹಾಕಿ. ನನ್ನ ಸೊಂಟನೋವಿಗೆ ಡಾಕ್ಟರು ಏನೇನೋ ಕಾರಣ ಹೇಳುತ್ತಾರೆ. ನನಗೆ ಕಾರಣ ಗೊತ್ತು.

ಬೆಳಿಗ್ಗೆ ಹಡಗನ್ನು ದಡಕ್ಕೆ ಕಟ್ಟಿದ ಕೂಡಲೇ ಬಾಗಿಲು ತೆರೆಯುವುದಿಲ್ಲ. ಬಂದರಿನ ಅಧಿಕಾರಿಗಳು ಬಂದು, ಕಾಗದ ನೋಡಿ, ಕ್ಲಿಯರೆನ್ಸ್ ಕೊಡಬೇಕು. ಆ ಹೊತ್ತಿಗೆ ಫೋರ್ಕ್‌ಲಿಫ್ಟು ಬಂದು ಕೇಜುಗಳನ್ನು ಕೆಳಗಿಳಿಸುತ್ತಿರುತ್ತದೆ. ಟರ್ಮಿನಲ್ಲಿನ ಹಾಲ್‌ನಲ್ಲಿ ಬಣ್ಣದ ಪ್ರಕಾರ ಬ್ಯಾಗು ಜೋಡಿಸಿಟ್ಟಂತೆಲ್ಲ ಮೇಲೆ ಒಂದೊಂದೇ ಬಣ್ಣದವರನ್ನು ಕರೆಯುತ್ತಾರೆ. ನಿಮ್ಮ ಬಣ್ಣ ಕರೆಯುವ ಮೊದಲೇ ಓಡಿ ಇಳಿದರೂ ಕೆಳಗೆ ನಿಮ್ಮ ಬ್ಯಾಗು ಬಂದಿರುವುದಿಲ್ಲ. ಅಲ್ಲಿ ನಿಂತು ಕಾಯಬೇಕು. ಅದೂ ಕುರ್ಚಿ ಇಲ್ಲದೆ, ಕಾಫಿ ಇಲ್ಲದೆ.

ಇದೆಲ್ಲದರಿಂದ ತಪ್ಪಿಸಿಕೊಳ್ಳುವ ದಾರಿ ಒಂದಿದೆ. ಬ್ಯಾಗು ಕೊಡದೆ ಎಲ್ಲವನ್ನೂ ನೀವೇ ಹೊತ್ತುಕೊಂಡು ಇಳಿಯುವುದು. ಹೆಚ್ಚಿನ ಹಡಗುಗಳಲ್ಲಿ ಇದಕ್ಕೆ ಅವಕಾಶ ಇರುತ್ತದೆ. ಕ್ಲಿಯರೆನ್ಸ್ ಸಿಕ್ಕಿದ ಕೂಡಲೇ ಮೊದಲು ಬಿಡುವುದು ಇವರನ್ನೇ. ಹಿಂದಿನ ದಿನ ರಿಸೆಪ್ಶನ್‌ನಲ್ಲಿ ಹೇಳಿ ಇಡಬೇಕು ಅಷ್ಟೇ.

ಆದರೆ ಇದರಲ್ಲಿ ಅರ್ಧಂಬರ್ಧ ಆಗುವುದಿಲ್ಲ. ಕೊಟ್ಟರೆ ಎಲ್ಲ ಕೊಡಿ, ಹೊತ್ತರೆ ಎಲ್ಲ ಹೊರಿ. ನಮ್ಮ ಭಾವ ಎಡವಿದ್ದು ಇಲ್ಲೇ.

ನಾನು ಮೊದಲೇ ಮನೆಯವರನ್ನು ಎರಡು ಪಾಲು ಮಾಡಿದ್ದೆ. ಅಮ್ಮನಿಗೆ ಮೊಣಕಾಲು ನೋವು. ಅವರ ಜೊತೆ ನಾನು, ನನ್ನ ಹೆಂಡತಿ. ನಮ್ಮ ಎರಡು ದೊಡ್ಡ ಸೂಟ್‌ಕೇಸು ರಾತ್ರಿಯೇ ಹೊರಗೆ. ರಿಸೆಪ್ಶನ್‌ನಲ್ಲಿ ವೀಲ್‌ಚೇರ್ ಹಿಂದಿನ ದಿನವೇ ಕೇಳಿ ಇಟ್ಟಿದ್ದೆ. ಬೆಳಿಗ್ಗೆ ಎದ್ದು ಕೇಳಿದರೆ ನಿಮ್ಮ ಹಾಗೆ ಕೇಳುವ ನೂರು ಜನ ಇರುತ್ತಾರೆ. ಅಕ್ಕ ಭಾವ ಇಬ್ಬರೂ ಗಟ್ಟಿ ಇದ್ದಾರೆ, ಅವರದ್ದು ಎರಡೇ ಟ್ರಾಲಿ. ಅವರು ಹೊತ್ತುಕೊಂಡು ಮೊದಲು ಇಳಿದು, ಟ್ಯಾಕ್ಸಿ ನೋಡಿ ಇಡಬೇಕು. ಪ್ಲಾನು ಚೆನ್ನಾಗಿಯೇ ಇತ್ತು.

ರಾತ್ರಿ ಹನ್ನೊಂದಕ್ಕೆ ಅಕ್ಕನ ಟ್ರಾಲಿಯ ಜಿಪ್ಪು ಬೀಳಲಿಲ್ಲ. ಲಕ್ಷದ್ವೀಪದ ಅಗತ್ತಿಯಲ್ಲಿ ಒದ್ದೆಯಾದ ಬಟ್ಟೆ ಎಲ್ಲ ಸೇರಿ ಹೊಟ್ಟೆ ಉಬ್ಬಿತ್ತು. ಭಾವ ಒಂದಷ್ಟು ಬಟ್ಟೆಯನ್ನು ಮಡಚುವ ಚೀಲಕ್ಕೆ ತುರುಕಿ, ನಮ್ಮ ಹತ್ತಿರ ಉಳಿದಿದ್ದ ಒಂದು ಟ್ಯಾಗು ಇಸ್ಕೊಂಡು ಕಟ್ಟಿ, ನನಗೂ ಹೇಳದೆ ಹೊರಗೆ ಇಟ್ಟರು. “ಇದೊಂದು ಚೀಲ ತಾನೇ” ಅಂತ. ಮರುದಿನ ಹಡಗಿನಿಂದ ಮೊದಲು ಇಳಿದ ಇಪ್ಪತ್ತು ಮೂವತ್ತು ಜನರಲ್ಲಿ ಅವರೂ ಇದ್ದರು. ಅಮ್ಮ, ನಾನು, ಹೆಂಡತಿ ನಿಧಾನಕ್ಕೆ ತಿಂಡಿ ತಿಂದು, ನಮ್ಮ ಬಣ್ಣ ಕರೆದ ಮೇಲೆ ಇಳಿದೆವು. ಹಾಲ್‌ಗೆ ಬಂದು ನೋಡಿದರೆ ಭಾವ ಅಲ್ಲೇ ಇದ್ದಾರೆ. ಒಂದು ಗಂಟೆಗೂ ಜಾಸ್ತಿ ಕಾದಿದ್ದರು. ಆ ಚೀಲಕ್ಕೆ ಇದ್ದದ್ದು ನಮ್ಮ ಬಣ್ಣದ ಟ್ಯಾಗು ಅಲ್ವಾ, ಅದು ಬಂದದ್ದು ನಮ್ಮ ಬ್ಯಾಗಿನ ಜೊತೆಗೇ. ಅಕ್ಕ ಏನೂ ಮಾತಾಡಲಿಲ್ಲ. ಸುಮ್ನೆ ಒಮ್ಮೆ ಅವರ ಮುಖ ನೋಡಿದಳು.

ಬ್ಯಾಗು ಕೊಡುವುದಾದರೆ ಟ್ಯಾಗಿನ ಬಗ್ಗೆ ಸ್ವಲ್ಪ ಜಾಗ್ರತೆ ಬೇಕು. ಅದು ಕಾಗದ. ಹ್ಯಾಂಡಲಿಗೆ ಸುತ್ತಿ ಪಿನ್ ಹೊಡೆಯುವುದು. ಎಳೆದಾಟದಲ್ಲಿ ಹರಿದು ಹೋಗುವುದು ಮಾಮೂಲು. ನಾನು ಯಾವಾಗಲೂ ಎರಡು ಕೇಳಿ ತೆಗೆದುಕೊಂಡು, ಒಂದು ಮೇಲಿನ ಹಿಡಿಗೆ, ಇನ್ನೊಂದು ಪಕ್ಕದ ಹಿಡಿಗೆ ಹಾಕಲು ಹೇಳುತ್ತೇನೆ. ವಿಮಾನದ್ದೋ, ಹಿಂದಿನ ಪ್ರವಾಸದ್ದೋ ಹಳೆ ಟ್ಯಾಗು ಇದ್ದರೆ ಕಿತ್ತು ಬಿಸಾಡಿ. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಬ್ಯಾಗು ವಿಂಗಡಿಸುವವನಿಗೆ ಯಾವುದು ಹಳತು, ಯಾವುದು ಹೊಸತು ಅಂತ ನೋಡುವಷ್ಟು ಪುರುಸೊತ್ತು ಇರುವುದಿಲ್ಲ. ನಾನೇ ಹಾಗೆ ಎಷ್ಟು ಬ್ಯಾಗನ್ನು ತಪ್ಪು ಕೇಜಿಗೆ ಹಾಕಿದ್ದೇನೋ.

ಇನ್ನು ಗುರುತು. ಹತ್ತರಲ್ಲಿ ಏಳು ಸೂಟ್‌ಕೇಸು ಕಪ್ಪು ಅಥವಾ ಕಡು ನೀಲಿ. ಉಳಿದವರೆಲ್ಲ ಗುರುತಿಗೆ ಕೆಂಪು ರಿಬ್ಬನ್ ಕಟ್ಟುತ್ತಾರೆ, ಹಾಗಾಗಿ ಕೆಂಪು ರಿಬ್ಬನ್ ಕಟ್ಟಿ ಪ್ರಯೋಜನ ಇಲ್ಲ. ನಮ್ಮ ಬ್ಯಾಗಿಗೆ ನಾನು ಮಲ್ಪೆಯಿಂದ ತಂದ ಹಳೆ ಮೀನಿನ ಬಲೆಯ ತುಂಡು ಸುತ್ತಿದ್ದೆ. ಹಸಿರು ನೈಲಾನು. ಹಿಡಿಗೆ ಬಿಗಿಯಾಗಿ ಸುತ್ತಿ, ತುದಿ ಒಳಗೆ ಸಿಕ್ಕಿಸಿ, ಬೆಂಕಿಕಡ್ಡಿ ತಾಗಿಸಿ ಕರಗಿಸಿದರೆ ಬಿಚ್ಚುವ ಮಾತೇ ಇಲ್ಲ. ಜೋತಾಡುವ ದಾರ ಮಾತ್ರ ಬೇಡ, ಬೇರೆ ಬ್ಯಾಗಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ನೂರಾರು ಕಪ್ಪು ಪೆಟ್ಟಿಗೆಗಳ ನಡುವೆ ಅಮ್ಮ ವೀಲ್‌ಚೇರಿನಲ್ಲಿ ಕುಳಿತೇ ಬೆರಳು ತೋರಿಸಿದರು, “ಅಗೋ ಬಲೆ.”

ಬಾಗಿಲ ಹೊರಗೆ ಇಡುವ ಬ್ಯಾಗಿನೊಳಗೆ ಏನು ಇಡಬಾರದು ಅಂತ ಕೇಳಿದರೆ ಎಲ್ಲರೂ ಪಾಸ್‌ಪೋರ್ಟು, ಮಾತ್ರೆ, ಚಿನ್ನ ಅಂತ ಹೇಳುತ್ತಾರೆ. ಸರಿಯೇ. ಆದರೆ ನಾನು ಕಂಡಂತೆ ಜನ ಮರೆಯುವುದು ಮರುದಿನ ಹಾಕಿಕೊಳ್ಳುವ ಬಟ್ಟೆ. ಒಮ್ಮೆ ಬೆಳಿಗ್ಗೆ ಏಳಕ್ಕೆ ಒಬ್ಬ ಹಿರಿಯರು ಬಾಗಿಲು ಸ್ವಲ್ಪವೇ ತೆರೆದು ನನ್ನನ್ನು ಕರೆದರು. ಮೇಲೆ ಕೋಟು, ಟೈ. ಕೆಳಗೆ ಹಡಗಿನ ಬಿಳಿ ಟವೆಲ್ಲು. ಹೆಂಡತಿ ಅಚ್ಚುಕಟ್ಟು ಜಾಸ್ತಿ, ಪ್ಯಾಂಟು ಎಲ್ಲ ಮಡಚಿ ರಾತ್ರಿಯೇ ಕಳಿಸಿಬಿಟ್ಟಿದ್ದರು. ಲಾಸ್ಟ್ ಅಂಡ್ ಫೌಂಡ್‌ನಲ್ಲಿ ಹುಡುಕಿ ಯಾರದ್ದೋ ಟ್ರ್ಯಾಕ್ ಪ್ಯಾಂಟು ತಂದುಕೊಟ್ಟೆ. ಅವರು ಕೊಟ್ಟಷ್ಟು ಟಿಪ್ಸು ಆ ಕಾಂಟ್ರ್ಯಾಕ್ಟಿನಲ್ಲಿ ಬೇರೆ ಯಾರೂ ಕೊಡಲಿಲ್ಲ.

ಕೋಣೆಯಲ್ಲಿ ಬಿಟ್ಟುಹೋಗುವ ವಸ್ತುಗಳ ಪಟ್ಟಿಯೂ ಬದಲಾಗುವುದಿಲ್ಲ. ಚಾರ್ಜರು, ಬಾತ್‌ರೂಮಿನ ಬಾಗಿಲ ಹಿಂದಿನ ನೈಟಿ, ಲೋಟದಲ್ಲಿ ಇಟ್ಟ ಹಲ್ಲಿನ ಸೆಟ್ಟು, ಸೇಫಿನೊಳಗಿನ ಪಾಸ್‌ಪೋರ್ಟು. ಸೇಫಿಗೆ ಒಂದು ಉಪಾಯ ಇದೆ. ಬೆಳಿಗ್ಗೆ ಹಾಕುವ ಚಪ್ಪಲಿಯಲ್ಲಿ ಒಂದನ್ನು ಅದರೊಳಗೆ ಇಟ್ಟುಬಿಡಿ. ಒಂದೇ ಕಾಲಿಗೆ ಚಪ್ಪಲಿ ಹಾಕಿ ಯಾರೂ ಹಡಗಿನಿಂದ ಇಳಿಯುವುದಿಲ್ಲ. ಅಮ್ಮ ಮಾತ್ರ ಒಪ್ಪಲಿಲ್ಲ. ಚಿನ್ನದ ಸರ ಇಟ್ಟ ಜಾಗದಲ್ಲಿ ಚಪ್ಪಲಿಯಾ ಅಂತ ಬೈದರು. ಕೊನೆಗೆ ಅವರ ಕನ್ನಡಕದ ಡಬ್ಬ ಇಟ್ಟೆವು.

ಬಿಲ್ಲು ರಾತ್ರಿಯೇ ನೋಡಿ. ಟಿವಿಯಲ್ಲೋ ಆಪ್‌ನಲ್ಲೋ ಕಾಣುತ್ತದೆ. ಇಲ್ಲದಿದ್ದರೆ ರಿಸೆಪ್ಶನ್‌ಗೆ ಹೋಗಿ ಪ್ರಿಂಟು ಕೇಳಿ. ಕುಡಿಯದ ಮಿನಿಬಾರ್ ಜ್ಯೂಸು, ತೆಗೆದುಕೊಳ್ಳದ ಫೋಟೋ ಇಂಥದ್ದು ಏನಾದರೂ ಸೇರಿದ್ದರೆ ರಾತ್ರಿ ಐದು ನಿಮಿಷದ ಮಾತು. ಬೆಳಿಗ್ಗೆಯಾದರೆ ಇಡೀ ಹಡಗಿನಲ್ಲಿ ಅತಿ ಉದ್ದದ ಕ್ಯೂ ಅದೇ. ಇಳಿಯುವಾಗ ಗ್ಯಾಂಗ್‌ವೇಯಲ್ಲಿ, ಅಂದರೆ ಹಡಗಿನಿಂದ ದಡಕ್ಕೆ ಹಾಕಿದ ಸೇತುವೆಯಲ್ಲಿ, ಹಡಗಿನವರು ಕೊಟ್ಟ ನಿಮ್ಮ ಕಾರ್ಡನ್ನು ಕೊನೆಯ ಸಲ ಸ್ಕ್ಯಾನ್ ಮಾಡುತ್ತಾರೆ. ಲೆಕ್ಕ ಬಾಕಿ ಇದ್ದರೆ ಅಲ್ಲಿಂದಲೇ ವಾಪಸು ಕಳಿಸುವುದೂ ಇದೆ. ಹಾಗಾಗಿ ಕಾರ್ಡನ್ನು ನೆನಪಿಗೆ ಅಂತ ಬ್ಯಾಗಿನ ತಳಕ್ಕೆ ಹಾಕಬೇಡಿ, ಕುತ್ತಿಗೆಯಲ್ಲಿ ಇರಲಿ.

ಗ್ಯಾಂಗ್‌ವೇ ಬಗ್ಗೆ ಒಂದು ಮಾತು. ಹತ್ತಿದ ಡೆಕ್ಕಿನಿಂದಲೇ ಇಳಿಯುತ್ತೇವೆ ಅಂತ ಅಂದುಕೊಳ್ಳಬೇಡಿ. ನಮ್ಮ ಮಂಗಳೂರಿನ ಬಂದರು ಇರುವ ಪಣಂಬೂರಿನಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಎರಡು ಮೀಟರ್ ಕೂಡ ಆಗುವುದಿಲ್ಲ. ಮುಂಬೈಯಲ್ಲಿ ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ನಾಲ್ಕು ಮೀಟರಿಗೂ ಜಾಸ್ತಿ. ಅಷ್ಟು ನೀರು ಏರಿಳಿದರೆ ದಡದ ಲೆಕ್ಕದಲ್ಲಿ ಹಡಗಿನ ಬಾಗಿಲೂ ಏರಿಳಿಯುತ್ತದೆ ಅಲ್ವಾ. ಗ್ಯಾಂಗ್‌ವೇ ಒಮ್ಮೆ ಚಪ್ಪಟೆ, ಒಮ್ಮೆ ಕಡಿದಾದ ಇಳಿಜಾರು. ಯಾವ ಡೆಕ್ಕು ಎನ್ನುವುದನ್ನು ಬೆಳಿಗ್ಗೆ ಮೈಕಿನಲ್ಲಿ ಹೇಳುತ್ತಾರೆ. ಕೇಳಿಸಿಕೊಳ್ಳಿ. ಇಳಿಜಾರಿನಲ್ಲಿ ನಾಲ್ಕು ಚಕ್ರದ ಟ್ರಾಲಿ ನಿಮಗಿಂತ ಮೊದಲು ಓಡುತ್ತದೆ. ಅಡ್ಡಡ್ಡ ಪಟ್ಟಿಗಳು ಬೇರೆ ಇರುತ್ತವೆ, ಸಣ್ಣ ಚಕ್ರ ಅದಕ್ಕೆ ಸಿಕ್ಕಿ ಹಿಂದಿನವರೆಲ್ಲ ನಿಲ್ಲುತ್ತಾರೆ. ನೀವೇ ಹೊತ್ತು ಇಳಿಯುವುದಾದರೆ ಎರಡು ಚಕ್ರದ ಬ್ಯಾಗು ಒಳ್ಳೆಯದು. ಅದನ್ನೂ ಅಲ್ಲಿ ಎತ್ತಿಕೊಂಡು ನಡೆಯಿರಿ. ಎತ್ತಲು ಆಗದಷ್ಟು ಭಾರ ಇದ್ದರೆ ರಾತ್ರಿಯೇ ಕೊಟ್ಟುಬಿಡಿ, ಮರ್ಯಾದೆ ಏನೂ ಹೋಗುವುದಿಲ್ಲ.

ಲಿಫ್ಟು ಮರೆತುಬಿಡಿ. ಕಾಲು ಗಟ್ಟಿ ಇದ್ದವರು ಮೆಟ್ಟಿಲು ಹಿಡಿಯಿರಿ, ಹೇಗೂ ಇಳಿಯುವುದೇ ತಾನೇ. ತಿಂಡಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಏಳೂವರೆ ದಾಟಿದರೆ ಕುರ್ಚಿಗೂ ಜಗಳ.

ಪಣಂಬೂರು ಅಂದಾಗ ನೆನಪಾಯಿತು. ನಮ್ಮ ನವಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗು ಬರುತ್ತವೆ, ಹೆಚ್ಚಾಗಿ ಮಳೆಗಾಲ ಮುಗಿದ ಮೇಲೆ. ಆದರೆ ಅವು ಒಂದು ದಿನದ ಅತಿಥಿಗಳು. ಬೆಳಿಗ್ಗೆ ಬಂದು, ಅಲೋಶಿಯಸ್ ಚಾಪೆಲ್ಲು, ಕುದ್ರೋಳಿ ದೇವಸ್ಥಾನ, ಮೂಡುಬಿದಿರೆ ಸಾವಿರ ಕಂಬದ ಬಸದಿ ನೋಡಿಸಿ, ಸಂಜೆ ಹೊರಡುತ್ತವೆ. ಬ್ಯಾಗು ಇಳಿಸುವ ತಲೆಬಿಸಿಯೇ ಇಲ್ಲ. ನಾನಿದ್ದ ಹಡಗೂ ಒಮ್ಮೆ ಇಲ್ಲಿಗೆ ಬಂದಿತ್ತು. ನನಗೆ ಸಿಕ್ಕಿದ್ದು ಮೂರು ಗಂಟೆ ರಜೆ. ಬಂದರಿನಿಂದ ಸುರತ್ಕಲ್ ಏನು ಮಹಾ ದೂರ, ರಿಕ್ಷಾ ಹಿಡಿದು ಮನೆಗೆ ಹೋಗಿ, ಬಂಗುಡೆ ಸಾರಿನಲ್ಲಿ ಊಟ ಮಾಡಿ ವಾಪಸು ಬಂದೆ. ಆ ದಿನ ಮಾತ್ರ ಹಡಗಿನಿಂದ ಎಲ್ಲರಿಗಿಂತ ಬೇಗ ಇಳಿದವನು ನಾನೇ. ಕೈಯಲ್ಲಿ ಒಂದು ಪರ್ಸು ಬಿಟ್ಟರೆ ಬೇರೇನೂ ಇರಲಿಲ್ಲ.

ಮುಂಬೈಯಲ್ಲಿ ಕೊನೆಗೆ ಏನಾಯಿತು ಎಂದರೆ, ಬ್ಯಾಗು ಕೈಗೆ ಬಂದ ಮೇಲೆಯೇ ಟ್ಯಾಕ್ಸಿ ಬುಕ್ ಮಾಡಿದೆವು. ಮೊದಲೇ ಮಾಡಿದರೆ ಡ್ರೈವರು ಗೇಟಿನ ಹೊರಗೆ ನಿಂತು ಫೋನಿನ ಮೇಲೆ ಫೋನು ಮಾಡುತ್ತಾನೆ. ಹಡಗು ನಿಂತ ಬ್ಯಾಲಾರ್ಡ್ ಪಿಯರ್‌ನಿಂದ ಈಸ್ಟರ್ನ್ ಫ್ರೀವೇ ಹಿಡಿದು ಚೆಂಬೂರಿನ ಕಡೆ ಇಳಿದರೆ ಕುರ್ಲಾ ಟರ್ಮಿನಸ್ ಹತ್ತಿರ. ಹನ್ನೆರಡು ಗಂಟೆಗೆ ಸ್ಟೇಷನ್ನಿನಲ್ಲಿ ಇದ್ದೆವು. ರೈಲಿಗೆ ಇನ್ನೂ ಮೂರು ಗಂಟೆಗೂ ಮೇಲೆ. ಭಾವ ಗಡಿಯಾರ ನೋಡಿದರು, ನಾನು ನೋಡದವನ ಹಾಗೆ ಇದ್ದೆ.

ಮರುದಿನ ಬೆಳಗ್ಗೆ ರೈಲು ಉಡುಪಿ ಬಿಟ್ಟ ಕೂಡಲೇ ಅವರು ಎದ್ದು ಬ್ಯಾಗುಗಳನ್ನೆಲ್ಲ ಬಾಗಿಲ ಹತ್ತಿರ ಸಾಲಾಗಿ ಇಟ್ಟರು. ಮಡಚುವ ಚೀಲಕ್ಕೆ ಹಡಗಿನ ಟ್ಯಾಗು ಇನ್ನೂ ನೇತಾಡುತ್ತಿತ್ತು. ಅಮ್ಮ ಬರ್ತಿನಲ್ಲಿ ಕುಳಿತಲ್ಲಿಂದಲೇ ಮೆಲ್ಲಗೆ ನನಗೆ ಹೇಳಿದರು, “ಆ ಚೀಟಿ ಹರಿದು ಬಿಸಾಡ್ಲಿಕ್ಕೆ ಹೇಳು ಅವರಿಗೆ. ಇಲ್ಲದಿದ್ರೆ ಚೀಲ ಇನ್ನೊಮ್ಮೆ ಹಡಗಿಗೇ ಹೋದೀತು.”