ಎಳೆಯ ಮಕ್ಕಳಿಗೆ ನ್ಯೂಮೊಕಾಕಲ್ ಲಸಿಕೆ: ಖರ್ಚು ಮತ್ತು ಪ್ರಯೋಜನ

ಬೇರೆ ದೇಶದಿಂದ ಹೊಸದಾಗಿ ಬಂದ ಕುಟುಂಬಗಳು ಮೊದಲು ಮಗುವಿನ ಲಸಿಕೆ ಕಾರ್ಡನ್ನು ತೆರೆದು ನೋಡಬೇಕು. ಅದರಲ್ಲಿ 'ಪಿಸಿವಿ' (ನ್ಯೂಮೊಕಾಕಲ್ ಲಸಿಕೆಯ ಚಿಕ್ಕ ಹೆಸರು) ಎಂದು ಬರೆದು ಪಕ್ಕದಲ್ಲಿ 10, 13, 15 ಅಥವಾ 20 ಎಂದಿದ್ದರೆ, ಆ ಅಂಕಿ ಲಸಿಕೆಯು ನ್ಯೂಮೊಕಾಕಸ್ ಬ್ಯಾಕ್ಟೀರಿಯಾದ ಎಷ್ಟು ಬಗೆಗಳನ್ನು ತಡೆಯುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಎಷ್ಟು ಡೋಸ್ ಆಗಿದೆ ಎಂಬುದನ್ನಲ್ಲ. ಐದು ರೋಗಗಳ ವಿರುದ್ಧದ ಪೆಂಟಾವೇಲೆಂಟ್ ಲಸಿಕೆ ಹಾಕಿಸಿದ್ದೇವೆ, ಇದೂ ಅದರಲ್ಲೇ ಸೇರಿರಬೇಕು ಎಂದುಕೊಳ್ಳುವುದು ತಪ್ಪು. ಅದರ ಐದರಲ್ಲಿ ಒಂದು ಹಿಬ್ ಎಂಬ ಬೇರೆಯೇ ಬ್ಯಾಕ್ಟೀರಿಯಾದ ವಿರುದ್ಧದ ರಕ್ಷಣೆ, ನ್ಯೂಮೊಕಾಕಸ್ ಅದರಲ್ಲಿಲ್ಲ.

ನ್ಯೂಮೊಕಾಕಸ್ ಆರೋಗ್ಯವಂತ ಮಕ್ಕಳ ಮೂಗು, ಗಂಟಲಲ್ಲೂ ಇರುತ್ತದೆ. ಹೆಚ್ಚಿನ ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ. ಕೆಲವರಿಗೆ ಕಿವಿಯ ಸೋಂಕು ಅಥವಾ ನ್ಯುಮೋನಿಯಾ ಬರುತ್ತದೆ. ಅಪರೂಪಕ್ಕೆ ಅದು ರಕ್ತಕ್ಕೋ ಮಿದುಳಿನ ಪೊರೆಗೋ ಇಳಿದು, ಬದುಕುಳಿದ ಮಗುವಿಗೂ ಕಿವುಡುತನದಂಥ ಶಾಶ್ವತ ಹಾನಿ ಮಾಡಬಹುದು. ಲಾಭವನ್ನು ಅಳೆಯುವಾಗ ಈ ವ್ಯತ್ಯಾಸ ನೆನಪಿನಲ್ಲಿರಬೇಕು. 7 ಬಗೆಗಳ ಮೊದಲ ಲಸಿಕೆಯ ಪರೀಕ್ಷೆಗಳಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಆ ಬಗೆಗಳಿಂದ ಬರುವ ತೀವ್ರ ಸೋಂಕು ಸುಮಾರು ಶೇ. 97ರಷ್ಟು ತಗ್ಗಿತು, ಫಿನ್ಲೆಂಡಿನಲ್ಲಿ ಕಿವಿಯ ಸೋಂಕು ಒಟ್ಟಾರೆ ತಗ್ಗಿದ್ದು ಶೇ. 6ರಷ್ಟು ಮಾತ್ರ, ಏಕೆಂದರೆ ಕಿವಿ ನೋವಿಗೆ ಬೇರೆ ರೋಗಾಣುಗಳೂ ಕಾರಣ. ಲಸಿಕೆ ಹಾಕಿಸಿದ ಮೇಲೂ ಮಗುವಿಗೆ ಕಿವಿ ಸೋರಿತೆಂದು ಹಣ ದಂಡವಾಯಿತು ಎನ್ನುವುದು ಸರಿಯಾದ ಲೆಕ್ಕವಲ್ಲ.

ಖರ್ಚಿನ ಮಾತಿಗೆ ಬಂದರೆ, ಇದು ಮಕ್ಕಳ ಲಸಿಕೆಗಳಲ್ಲಿ ದುಬಾರಿಯಾದದ್ದು. ಬ್ಯಾಕ್ಟೀರಿಯಾದ ಪ್ರತಿಯೊಂದು ಬಗೆಯ ಮೇಲಿರುವ ಸಕ್ಕರೆಯ ಕವಚವನ್ನೂ ಪ್ರತ್ಯೇಕವಾಗಿ ತಯಾರಿಸಿ ಪ್ರೋಟೀನಿಗೆ ಜೋಡಿಸಬೇಕು. ಹಾಗೆ ಜೋಡಿಸದೆ ಕೊಟ್ಟರೆ 2 ವರ್ಷದೊಳಗಿನ ಮಗುವಿನ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಅನೇಕ ದೇಶಗಳಲ್ಲಿ ಸರಕಾರವೇ ಇದನ್ನು ಉಚಿತವಾಗಿ ಕೊಡುವುದರಿಂದ, ಸಾರ್ವಜನಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವ ಮೊದಲು ಖಾಸಗಿ ಕ್ಲಿನಿಕ್‌ನಲ್ಲಿ ಹಣ ಕಟ್ಟಬೇಡಿ. ವಿಮೆ ಇದ್ದವರು ಲಸಿಕೆಯ ಬೆಲೆಯ ಜೊತೆಗೆ ವೈದ್ಯರ ಶುಲ್ಕವೂ ಅದರಲ್ಲಿ ಸೇರಿದೆಯೇ ಎಂದು ಕೇಳಬೇಕು. ಬೇರೆ ಲಸಿಕೆಗಳ ದಿನವೇ ಇದನ್ನೂ ಹಾಕಿಸಬಹುದಾದ್ದರಿಂದ ರಜೆ, ಓಡಾಟಗಳ ಖರ್ಚು ಉಳಿಯುತ್ತದೆ.

ಸರಕಾರಗಳು ಹಣ ಹಾಕುವುದಕ್ಕೆ ಇನ್ನೊಂದು ಕಾರಣವಿದೆ. ಅಮೆರಿಕದಲ್ಲಿ 2000ದಲ್ಲಿ ಮಕ್ಕಳಿಗೆ 7 ಬಗೆಗಳ ಲಸಿಕೆ ಆರಂಭವಾದ ಮೇಲೆ ಲಸಿಕೆ ಪಡೆಯದ ವೃದ್ಧರಲ್ಲೂ ಆ ಬಗೆಗಳ ಕಾಯಿಲೆ ಇಳಿಯಿತು, ಏಕೆಂದರೆ ಮಕ್ಕಳ ಮೂಗಿನಿಂದ ಅವು ಹರಡುವುದು ಕಡಿಮೆಯಾಯಿತು. ಲಸಿಕೆಯಲ್ಲಿಲ್ಲದ 19ಎ ಎಂಬ ಬಗೆ ಆ ಜಾಗದಲ್ಲಿ ಹೆಚ್ಚಿದ್ದೂ ನಿಜ. 2010ರಲ್ಲಿ ಬಂದ 13 ಬಗೆಗಳ ಲಸಿಕೆಯಲ್ಲಿ ಅದನ್ನು ಸೇರಿಸಿಕೊಳ್ಳಲಾಯಿತು. ಸುತ್ತಲಿನ ಮಕ್ಕಳಿಗೆಲ್ಲ ಆಗಿದೆಯಲ್ಲ, ನಮ್ಮ ಮಗುವಿಗೆ ಏಕೆ ಎಂಬ ಪ್ರಶ್ನೆಯಲ್ಲಿ ಸ್ವಲ್ಪ ತಥ್ಯವಿದೆ, ಆದರೆ ಲಸಿಕೆ ಕಡಿಮೆ ಇರುವ ಕಡೆಗೆ ಪ್ರಯಾಣ ಹೋದಾಗ ಆ ರಕ್ಷಣೆ ಜೊತೆಗೆ ಬರುವುದಿಲ್ಲ.

ತಡವಾಗಿ ಆರಂಭಿಸಿದರೆ ಡೋಸ್‌ಗಳು ಕಡಿಮೆ ಸಾಕಾಗುತ್ತವೆ, ಹಾಗಾಗಿ ಕಾದರೆ ಉಳಿತಾಯವಲ್ಲವೇ ಎಂದು ಕೆಲವರು ಯೋಚಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಕೆಟ್ಟ ಉಳಿತಾಯ: ಅಪಾಯ ಅತಿ ಹೆಚ್ಚಿರುವುದು ಮೊದಲ ಎರಡು ವರ್ಷಗಳಲ್ಲೇ. ಅವಧಿಗೆ ಮುಂಚೆ ಹುಟ್ಟಿದ, ಹೃದ್ರೋಗವಿರುವ ಅಥವಾ ಗುಲ್ಮ (ಸ್ಪ್ಲೀನ್) ಇಲ್ಲದ ಮಕ್ಕಳ ವಿಷಯದಲ್ಲಂತೂ ಕಾಯುವ ಮಾತೇ ಬೇಡ. ಅರ್ಧಕ್ಕೆ ನಿಂತ ಡೋಸ್‌ಗಳನ್ನು ಸಾಮಾನ್ಯವಾಗಿ ಮೊದಲಿನಿಂದ ಹಾಕಿಸಬೇಕಿಲ್ಲ, ಉಳಿದವನ್ನು ಪೂರೈಸಿದರೆ ಸಾಕು.

ಸೂಜಿ ಚುಚ್ಚಿದ ಜಾಗ ಕೆಂಪಾಗುವುದು, ಜ್ವರ, ಒಂದೆರಡು ದಿನ ರಚ್ಚೆ, ಇವು ಸಾಮಾನ್ಯ. ಸಣ್ಣ ನೆಗಡಿಯಿದ್ದರೆ ಲಸಿಕೆ ಮುಂದೂಡಬೇಕಿಲ್ಲ. ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿ ಆಗಿದ್ದರೆ ತಪ್ಪದೆ ತಿಳಿಸಿ. ಲಸಿಕೆ ಪೂರ್ಣಗೊಂಡಿದ್ದರೂ ಮಗು ಏದುಸಿರು ಬಿಡುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಅಥವಾ ಹಾಲು ಬಿಟ್ಟರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಕಾರ್ಡನ್ನೂ ಜೊತೆಗೆ ಒಯ್ಯಿರಿ.