ತೊಮಾರ್: ಒಂದು ರಾತ್ರಿ ಉಳಿದು ನೋಡಬೇಕಾದ ಊರು

ಲಿಸ್ಬನ್‌ಗೆ ಬರುವ ನಮ್ಮವರು ಸಿಂತ್ರಾದ ಅರಮನೆ ನೋಡುತ್ತಾರೆ, ಬೆಲೆಂ ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ, ಪುರುಸೊತ್ತಿದ್ದರೆ ಫಾತಿಮಾ ಅನ್ನೋ ಯಾತ್ರಾಸ್ಥಳಕ್ಕೂ ಹೋಗಿ ಬರುತ್ತಾರೆ. ಇನ್ನೆಲ್ಲಿಗೆ ಹೋಗೋಣ ಅಂತ ಕೇಳಿದವರಿಗೆ ನಾನು ಹೇಳುವುದು ತೊಮಾರ್. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಲೆಕ್ಕ ಮಾತ್ರ ಬೇಡ. ಟೂರ್ ಬಸ್ಸಿನವರು ಗುಡ್ಡದ ಮೇಲಿನ 'ಕ್ರಿಸ್ತನ ಮಠ'ವನ್ನು ಓಡೋಡಿ ತೋರಿಸಿ, ಕೆಳಗಿನ ಊರನ್ನು ಕಿಟಕಿಯಿಂದಲೇ ಮುಗಿಸುತ್ತಾರೆ. ಅಲ್ಲಿ ನೋಡಬೇಕಾದ್ದಕ್ಕೆ ಒಂದು ಮಧ್ಯಾಹ್ನ, ಒಂದು ರಾತ್ರಿ, ಮಾರನೆಯ ಅರ್ಧ ದಿನ ಬೇಕೇ ಬೇಕು.

ನಾನು ಕೆಲಸದ ಮೇಲೆ ಲಿಸ್ಬನ್‌ನಲ್ಲಿದ್ದೇನೆ. ಅಪ್ಪ ಅಮ್ಮ ಕಾರವಾರದಿಂದ ಬಂದಾಗ ಅವರನ್ನು ಕರೆದುಕೊಂಡು ಹೋದ ರೀತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಯಸ್ಸಾದವರ ಜೊತೆ ಹೋಗುವವರಿಗೆ ಉಪಯೋಗ ಆಗಬಹುದು.

ಕಾರು ಬೇಡ, ರೈಲೇ ಸಾಕು. ಸಾಂತಾ ಅಪೊಲೊನಿಯಾ ನಿಲ್ದಾಣದಿಂದ ತೊಮಾರ್‌ಗೆ ನೇರ ರೈಲುಗಳಿವೆ, ಸುಮಾರು ಎರಡು ಗಂಟೆ ದಾರಿ. ಓರಿಯೆಂತೆ ನಿಲ್ದಾಣದಲ್ಲೂ ಹತ್ತಬಹುದು. 65 ದಾಟಿದವರಿಗೆ ಟಿಕೆಟ್ ಅರ್ಧ ದರ, ವಯಸ್ಸಿಗೆ ಪುರಾವೆಯಾಗಿ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ದಾರಿಯಲ್ಲಿ ಸ್ವಲ್ಪ ಹೊತ್ತು ತೇಜೊ ನದಿ ಪಕ್ಕದಲ್ಲೇ ಬರುತ್ತದೆ. ಹೋಗುವಾಗ ಬಲಗಡೆ ಕೂರಬೇಕು. ತೊಮಾರ್‌ಗೆ ಬಂದರೆ ರೈಲು ಹಳಿಯೇ ಮುಗಿಯುತ್ತದೆ. ನಿಲ್ದಾಣದಿಂದ ಹಳೇ ಪೇಟೆಗೆ ನಡೆದೇ ಹೋಗಬಹುದು.

ಊರು ಚಿಕ್ಕದು. ನಡುವೆ ನಬಾವ್ ನದಿ, ಅದರ ಮೇಲೆ ಹಳೇ ಸೇತುವೆ, ಪಕ್ಕದಲ್ಲಿ ಮೋಶಾವ್ ಅನ್ನೋ ಪಾರ್ಕು. ಅಲ್ಲಿ ಮರದ ದೊಡ್ಡ ನೀರೆತ್ತುವ ಚಕ್ರ ಇದೆ. ಚೌಕದ ನಡುವೆ ಗುವಾಲ್ದಿಂ ಪಾಯಿಷ್ ಪ್ರತಿಮೆ. 1160ರಲ್ಲಿ ಇಲ್ಲಿ ಕೋಟೆ ಕಟ್ಟಿಸಲು ಶುರು ಮಾಡಿದವನು ಇವನೇ, ಪೋರ್ಚುಗಲ್ಲಿನ ಟೆಂಪ್ಲರ್ ಯೋಧರ ಮುಖ್ಯಸ್ಥ. ಪ್ರತಿಮೆಯ ಹತ್ತಿರ ನಿಂತು ತಲೆ ಎತ್ತಿದರೆ ಗುಡ್ಡದ ಮೇಲೆ ಕೋಟೆ ಗೋಡೆ ಕಾಣುತ್ತದೆ.

ಮೇಲೆ ಹೋಗುವ ಮುಂಚೆ ಒಂದೇ ಒಂದು ಕಥೆ ತಿಳಿದುಕೊಂಡರೆ ಸಾಕು, ಮಠ ಪೂರ್ತಿ ಅರ್ಥವಾಗುತ್ತದೆ. ಟೆಂಪ್ಲರ್‌ಗಳು ಅಂದರೆ ಸನ್ಯಾಸಿಗಳೂ ಹೌದು, ಸೈನಿಕರೂ ಹೌದು. 1312ರಲ್ಲಿ ಪೋಪ್ ಆ ಪಂಥವನ್ನೇ ರದ್ದು ಮಾಡಿದರು. ಫ್ರಾನ್ಸಿನಲ್ಲಿ ಅವರನ್ನು ಹಿಡಿದು ಸುಟ್ಟರು. ಪೋರ್ಚುಗಲ್ಲಿನ ರಾಜ ದಿನಿಷ್ ಜಾಣ. 1319ರಲ್ಲಿ 'ಕ್ರಿಸ್ತನ ಪಂಥ' ಅಂತ ಹೊಸದೊಂದನ್ನು ಶುರು ಮಾಡಿಸಿ, ಟೆಂಪ್ಲರ್‌ಗಳ ಆಸ್ತಿಯನ್ನೆಲ್ಲ ಅದಕ್ಕೆ ಕೊಡಿಸಿದ. ಬೋರ್ಡು ಬದಲಾಯಿತು, ಅಂಗಡಿ ಅದೇ. 1420ರಿಂದ ಈ ಪಂಥದ ಆಡಳಿತ ರಾಜಕುಮಾರ ಹೆನ್ರಿಯ ಕೈಗೆ ಬಂತು. ಆಫ್ರಿಕಾದ ಕರಾವಳಿಗೆ ಹಡಗು ಕಳಿಸಿದನಲ್ಲ, ಅವನೇ. ಆ ಯಾನಗಳಿಗೆ ಈ ಪಂಥದ ದುಡ್ಡೂ ಹೋಯಿತು. ಹಡಗಿನ ಹಾಯಿಗಳ ಮೇಲೆ ಕೆಂಪು ಶಿಲುಬೆ ಬಂದದ್ದು ಹಾಗೆ. 1498ರಲ್ಲಿ ವಾಸ್ಕೊ ಡ ಗಾಮ ಊರಿಗೆ ಮರಳುವ ಮುಂಚೆ ತಂಗಿದ ಅಂಜುದೀವ ನಮ್ಮ ಕಾರವಾರದ ಎದುರಿಗೇ ಇದೆ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಅಲ್ಮೇಡ ಅಲ್ಲೊಂದು ಕೋಟೆಯನ್ನೂ ಕಟ್ಟಿಸಿದ. ಇಷ್ಟು ಹೇಳಿದ ಮೇಲೆ ಅಪ್ಪನಿಗೆ ಮೇಲೆ ಹತ್ತುವ ಹುರುಪು ಬಂತು.

ಹತ್ತಲು ಕಲ್ಲು ಹಾಸಿದ ಏರು ದಾರಿ ಇದೆ. ಅಮ್ಮನ ಮಂಡಿ ಒಪ್ಪುವಂಥದ್ದಲ್ಲ. ಹಾಗಾಗಿ ಹೋಗುವಾಗ ಟ್ಯಾಕ್ಸಿ, ಬರುವಾಗ ನಡಿಗೆ. ಮಧ್ಯಾಹ್ನದ ಊಟ ಆದ ಮೇಲೆ ಹೋಗಿದ್ದೆವು, ಅದು ಬೇಕಂತಲೇ. ಕಾರಣ ಮುಂದೆ ಹೇಳುತ್ತೇನೆ.

ಒಳಗೆ ಮೊದಲು ನೋಡಬೇಕಾದ್ದು ಶರೋಲಾ, ಟೆಂಪ್ಲರ್‌ಗಳ ದುಂಡನೆಯ ಚರ್ಚು. ಹೊರಗೆ 16 ಮುಖ, ಒಳಗೆ ನಡುವಿನ ಮಂಟಪಕ್ಕೆ 8 ಮುಖ. ಜೆರುಸಲೆಮ್ಮಿನ ಪವಿತ್ರ ಸಮಾಧಿಯ ಚರ್ಚನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು. ಮಂಟಪದ ಸುತ್ತ ಪ್ರದಕ್ಷಿಣೆ ಹಾಕುವಷ್ಟು ಜಾಗವಿದೆ, ಅಮ್ಮ ಹಾಕಿಯೇಬಿಟ್ಟಳು. ಯೋಧರು ಕುದುರೆ ಮೇಲೆ ಕೂತೇ ಪೂಜೆ ಕೇಳುತ್ತಿದ್ದರು ಅನ್ನೋ ಕಥೆಯನ್ನು ಗೈಡುಗಳು ತಪ್ಪದೆ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ನಂಬಲೇಬೇಕು ಅಂತೇನಿಲ್ಲ. ಗೋಡೆ, ಕಂಬಗಳ ಮೇಲಿನ ಚಿತ್ರ ಮತ್ತು ಚಿನ್ನದ ಬಣ್ಣ ನಂತರದ್ದು, ರಾಜ ಮನುವೆಲ್ ಕಾಲದ್ದು.

ಇನ್ನು ಕಿಟಕಿ. ಚರ್ಚಿನ ಪಶ್ಚಿಮದ ಗೋಡೆಯಲ್ಲಿ ಒಂದು ಕಿಟಕಿ ಇದೆ, ಪೋರ್ಚುಗೀಸರು ಅದನ್ನು ಜನೆಲಾ ದು ಕಪಿತುಲು ಅನ್ನುತ್ತಾರೆ. 1510ರ ಆಸುಪಾಸಿನಲ್ಲಿ ದಿಯೊಗು ದೆ ಅರೂದಾ ಕೆತ್ತಿಸಿದ್ದು. ಗೋಡೆ ಪಶ್ಚಿಮಕ್ಕಿರುವುದರಿಂದ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಬಂದವರಿಗೆ ನೆರಳಿನ ಕಿಟಕಿ ಮಾತ್ರ ಸಿಗುತ್ತದೆ. ನಾವು ಊಟ ಮುಗಿಸಿ ಹೊರಟದ್ದು ಇದಕ್ಕೇ.

ಸಾಂತಾ ಬಾರ್ಬರಾ ಅನ್ನೋ ಪುಟ್ಟ ಅಂಗಳದ ಕಡೆಯಿಂದ ನೋಡಿದರೆ ಅದು ಎದುರಿಗೇ ಸಿಗುತ್ತದೆ. ಅವಸರ ಮಾಡದೆ ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿ. ಬುಡದಲ್ಲಿ ಒಬ್ಬ ಗಡ್ಡದ ಮನುಷ್ಯ. ಅವನ ಮೇಲೆ ಬೇರುಸಮೇತ ಓಕ್ ಮರ. ಅಲ್ಲಿಂದ ಎರಡೂ ಕಡೆ ಕಲ್ಲಿನ ಹಗ್ಗ, ಹವಳ, ಪಾಚಿ, ಸರಪಳಿ. ಮೇಲೆ ಎರಡು ಬದಿಗೆ ಗೋಳದ ಆಕಾರದ ಖಗೋಳ ಯಂತ್ರ, ಅದು ಮನುವೆಲ್ ರಾಜನ ಲಾಂಛನ. ಎಲ್ಲಕ್ಕಿಂತ ಮೇಲೆ ಪಂಥದ ಶಿಲುಬೆ. ಕಲ್ಲಿನ ಮೇಲೆಲ್ಲ ಹಳದಿ ಹಾವಸೆ ಹಬ್ಬಿದೆ.

ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಅಂದರು, "ಹಗ್ಗ ನೋಡು. ಮೂರು ಎಳೆ ಹೊಸೆದದ್ದು ಲೆಕ್ಕ ಮಾಡಬಹುದು. ನಮ್ಮ ಬೈತಖೋಲ ಬಂದರಿನಲ್ಲಿ ದೋಣಿ ಕಟ್ಟುವ ಹಗ್ಗದ ಹಾಗೇ ಇದೆ."

"ಕಲ್ಲು ಕೆತ್ತಿದವರಿಗೆ ಹಡಗು ಗೊತ್ತಿತ್ತು ಅಲ್ವಾ ಅಪ್ಪಾ?"

"ಗೊತ್ತಿಲ್ಲದೆ ಹೀಗೆ ಕೆತ್ತಲು ಆಗುವುದಿಲ್ಲ."

ಇದಕ್ಕೊಂದು ಜೋಡಿ ಕಿಟಕಿಯೂ ಇತ್ತು, ದಕ್ಷಿಣದ ಗೋಡೆಯಲ್ಲಿ. ಆಮೇಲೆ ಮೂರನೇ ಜೊವಾವ್ ರಾಜನ ಕಾಲದಲ್ಲಿ ಪಕ್ಕದಲ್ಲೇ ದೊಡ್ಡ ಅಂಗಳ ಎದ್ದಿತು. ಇಟಲಿಯ ಮಾದರಿ, ಅಚ್ಚುಕಟ್ಟಾದ ಕಂಬಗಳು. ಆ ಕಿಟಕಿ ಅದರ ಹಿಂದೆ ಮುಚ್ಚಿಹೋಯಿತು. ವಾಸ್ತುಶಿಲ್ಪ ಗೊತ್ತಿರುವವರು ಈ ಅಂಗಳವನ್ನು ತುಂಬ ಹೊಗಳುತ್ತಾರೆ. ನನಗೇನೋ ಕಿಟಕಿ ಮುಚ್ಚಿದ ಸಿಟ್ಟು ಇನ್ನೂ ಹೋಗಿಲ್ಲ. ಮಿಕ್ಕ ಅಂಗಳಗಳನ್ನು ಕಾಲು ನೋಯದಷ್ಟು ನೋಡಿದರೆ ಸಾಕು. ಮೀಶಾ ಅಂಗಳ ಮಾತ್ರ ಬಿಡಬೇಡಿ, ಬಡವರಿಗೆ ರೊಟ್ಟಿ ಹಂಚುತ್ತಿದ್ದ ಜಾಗ ಅದು. ಸನ್ಯಾಸಿಗಳ ಕೋಣೆಗಳಿರುವ ಉದ್ದನೆಯ ಓಣಿಯೂ ಚೆನ್ನಾಗಿದೆ, ಕೂರಲು ಜಾಗವೂ ಸಿಗುತ್ತದೆ.

ಇಳಿದು ಬರುವಷ್ಟರಲ್ಲಿ ಸಂಜೆ. ಬಸ್ಸುಗಳೆಲ್ಲ ಹೊರಟುಹೋಗಿರುತ್ತವೆ, ಪೇಟೆ ಬೀದಿ ಊರಿನವರಿಗೆ ವಾಪಸ್ ಸಿಕ್ಕಿರುತ್ತದೆ. ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಕಾಲ್ದು ವೆರ್ದೆ ಅನ್ನೋ ಸೊಪ್ಪಿನ ಸಾರು ಹೆಸರಿಗೆ ಸೊಪ್ಪಿನದು, ಆದರೆ ಒಂದು ತುಂಡು ಸಾಸೇಜ್ ತೇಲುತ್ತಿರುತ್ತದೆ. ಮೊದಲೇ 'ಸೆಂ ಕಾರ್ನೆ', ಅಂದರೆ ಮಾಂಸ ಬೇಡ ಅಂತ ಹೇಳಿಬಿಡಿ. ನಾವು ತರಕಾರಿ ಸೂಪು, ಬ್ರೆಡ್ಡು, ಚೀಸು, ಆಲಿವ್ ತಿಂದು ಆರಾಮಾಗಿದ್ದೆವು. ಮೊಟ್ಟೆ ತಿನ್ನುವವರು ಫಾತಿಯಷ್ ದೆ ತೊಮಾರ್ ತಿಂದು ನೋಡಿ. ಬರೀ ಹಳದಿ ಲೋಳೆಯನ್ನು ಚೆನ್ನಾಗಿ ಕಡೆದು, ಹಬೆಯಲ್ಲಿ ಬೇಯಿಸಿ, ಹೋಳು ಮಾಡಿ ಸಕ್ಕರೆ ಪಾಕಕ್ಕೆ ಹಾಕುತ್ತಾರೆ. ಅಪ್ಪನಿಗೆ ಇಷ್ಟವಾಯಿತು, ಸಕ್ಕರೆ ಕಾಯಿಲೆ ಇರುವುದು ಆವತ್ತು ಅವರಿಗೆ ನೆನಪಾಗಲಿಲ್ಲ.

ಮಾರನೆಯ ಬೆಳಿಗ್ಗೆ ಯಹೂದಿಗಳ ಹಳೇ ಪ್ರಾರ್ಥನಾ ಮಂದಿರ. ಸೋಮವಾರ ಇಲ್ಲಿನ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ರಜೆ, ಆ ದಿನ ತಪ್ಪಿಸಿ. ಹೊರಗಿನಿಂದ ಸಾದಾ ಮನೆ. ಒಳಗೆ ನಾಲ್ಕು ತೆಳ್ಳನೆಯ ಕಂಬ, ಮೇಲೆ ಕಮಾನು ಚಾವಣಿ, ಅಷ್ಟೇ. ಮೇಲೆ ಮೂಲೆಗಳಲ್ಲಿ ತೂತುಗಳು ಕಾಣುತ್ತವೆ. ಗೋಡೆಯೊಳಗೆ ಮಣ್ಣಿನ ಮಡಕೆಗಳನ್ನು ಹುದುಗಿಸಿದ್ದಾರೆ, ದನಿ ಚೆನ್ನಾಗಿ ಕೇಳಲಿ ಅಂತ. ಒಳಗೆ ಬೇರೆ ಯಾರೂ ಇರಲಿಲ್ಲ. ಅಮ್ಮ ಮೆಲ್ಲಗೆ ಒಂದು ದೇವರನಾಮದ ಎರಡು ಸಾಲು ಹಾಡಿ ನೋಡಿದಳು, ನನಗೆ ಆಚೆ ಗೋಡೆಯ ಹತ್ತಿರವೂ ಸ್ಪಷ್ಟವಾಗಿ ಕೇಳಿತು. 15ನೇ ಶತಮಾನದ ಕಟ್ಟಡ ಇದು. 1496ರಲ್ಲಿ ಯಹೂದಿಗಳು ಮತಾಂತರವಾಗಬೇಕು, ಇಲ್ಲವೇ ದೇಶ ಬಿಡಬೇಕು ಅಂತ ಆಜ್ಞೆಯಾಯಿತು. ಆಜ್ಞೆ ಮಾಡಿದ್ದು ಅದೇ ಮನುವೆಲ್ ರಾಜ. ಆಮೇಲೆ ಇದು ಸೆರೆಮನೆಯಾಯಿತು, ಉಗ್ರಾಣವೂ ಆಯಿತು. 1923ರಲ್ಲಿ ಸಾಮುವೆಲ್ ಶ್ವಾರ್ಜ್ ಅನ್ನೋ ಎಂಜಿನಿಯರ್ ಕೊಂಡು ಉಳಿಸಿದರು. ಈಗಿನ ಮ್ಯೂಸಿಯಂಗೆ ಅಬ್ರಾವ್ ಜಕುಟು ಹೆಸರಿದೆ. ವಾಸ್ಕೊ ಡ ಗಾಮನ ಯಾನಕ್ಕೆ ಒದಗಿದ್ದು ಈ ಯಹೂದಿ ಖಗೋಳಜ್ಞ ಮಾಡಿದ ಪಂಚಾಂಗ. ಯಾನಕ್ಕೆ ಅವನ ಲೆಕ್ಕ ಬೇಕಿತ್ತು, ನಾಡಿನಲ್ಲಿ ಅವನಿಗೇ ಜಾಗ ಇರಲಿಲ್ಲ.

ಸಮಯ ಉಳಿದರೆ ಎರಡು ಆಯ್ಕೆ. ಹತ್ತಿರದ್ದು ಪೆಗೋಯಿಷ್ ಮೇಲ್ಗಾಲುವೆ. ಮಠಕ್ಕೆ ನೀರು ತರಲು 1593ರಲ್ಲಿ ಕೆಲಸ ಹಿಡಿದು 1614ರಲ್ಲಿ ಮುಗಿಸಿದ್ದು, ಸುಮಾರು 6 ಕಿಲೋಮೀಟರ್ ಉದ್ದ, 180 ಕಮಾನು. ಕಣಿವೆ ಇರುವ ಕಡೆ ಕಮಾನಿನ ಮೇಲೆ ಕಮಾನು. ಮೇಲೆ ನಡೆಯುವವರ ಫೋಟೊ ನೋಡಿ ನೀವೂ ಹತ್ತಬೇಡಿ, ಕೈ ಹಿಡಿಯಲು ಏನೂ ಇಲ್ಲ. ಕೆಳಗೆ ನಿಂತು ನೋಡಿದರೇ ಅದರ ಎತ್ತರ ಗೊತ್ತಾಗುವುದು.

ದೂರದ್ದು ಅಲ್ಮೊರೋಲ್ ಕೋಟೆ, ತೇಜೊ ನದಿಯ ನಡುವಿನ ಪುಟ್ಟ ಬಂಡೆ ದ್ವೀಪದಲ್ಲಿದೆ. ಇದನ್ನು 1171ರಲ್ಲಿ ಕಟ್ಟಿಸಿದ್ದೂ ಗುವಾಲ್ದಿಂ ಪಾಯಿಷನೇ. ರೈಲಿನಲ್ಲಿ ಹೋಗುವುದಾದರೆ ಎಂಟ್ರೊಂಕಮೆಂಟುನಲ್ಲಿ ಬದಲಾಯಿಸಬೇಕು, ರೈಲುಗಳೂ ಕಮ್ಮಿ. ನಾವು ಟ್ಯಾಕ್ಸಿ ಮಾಡಿಕೊಂಡೆವು. ದೋಣಿಯಲ್ಲಿ ದಾಟುವುದು ಸ್ವಲ್ಪ ಹೊತ್ತಿನ ಮಾತು. ಒಳಗೆ ಮ್ಯೂಸಿಯಂ ತರಹ ಏನೂ ಜಾಸ್ತಿ ಇಲ್ಲ. ಹೋಗಬೇಕಾದ್ದು ಮೇಲಿನ ಗೋಡೆಯಿಂದ ನದಿ ನೋಡಲು. ಅಮ್ಮ ದಡದಲ್ಲೇ ಕೂತಳು. ಅಲ್ಲಿಂದ ಕೋಟೆ ಪೂರ್ತಿ ಕಾಣುತ್ತದೆ, ಹತ್ತಿದವರಿಗೆ ಆ ನೋಟ ಇಲ್ಲ.

ಜುಲೈನಲ್ಲಿ ಬರುವವರಿಗೆ ಇನ್ನೊಂದು ಮಾತು. ನಾಲ್ಕು ವರ್ಷಕ್ಕೊಮ್ಮೆ ತೊಮಾರ್‌ನಲ್ಲಿ ತಬುಲೈರುಷ್ ಹಬ್ಬ ನಡೆಯುತ್ತದೆ. ಬಿಳಿ ಬಟ್ಟೆಯ ಹುಡುಗಿಯರು ತಲೆ ಮೇಲೆ ಸಿಂಬೆ ಇಟ್ಟು, ತಮ್ಮಷ್ಟೇ ಎತ್ತರದ ಬುಟ್ಟಿ ಹೊತ್ತು ಮೆರವಣಿಗೆ ಹೋಗುತ್ತಾರೆ. ಒಂದೊಂದರಲ್ಲಿ 30 ಬ್ರೆಡ್ಡು, ಸುತ್ತ ಕಾಗದದ ಹೂವು. ಪಕ್ಕದಲ್ಲಿ ಒಬ್ಬ ಹುಡುಗ ಸಹಾಯಕ್ಕೆ ನಡೆಯುತ್ತಾನೆ. ಕಳೆದ ಹಬ್ಬ 2023ರಲ್ಲಿ ಆಯಿತು, ಮುಂದಿನದು 2027ಕ್ಕೆ. ಅಂಗಡಿಯೊಂದರಲ್ಲಿ ಫೋಟೊ ನೋಡಿದ ಅಮ್ಮ, "ಆಗ ಮತ್ತೆ ಕರೆಸಿಕೋ, ಮಂಡಿ ನಾನು ನೋಡ್ಕೊಳ್ತೇನೆ" ಅಂದಳು. ಆ ದಿನಗಳಲ್ಲಿ ಊರಲ್ಲಿ ರೂಮು ಸಿಗುವುದು ಕಷ್ಟ, ಬಹಳ ಮುಂಚೆಯೇ ಹಿಡಿಯಬೇಕು. ಸಿಗದಿದ್ದರೆ ಎಂಟ್ರೊಂಕಮೆಂಟುನಲ್ಲಿ ಉಳಿದು ರೈಲಿನಲ್ಲಿ ಬರಬಹುದು.